ಗರಗದ ಖಾದಿ, 36ರ ಪ್ಯಾಟರ್ನು, ಅಸ್ತರ ಹಾಕಿದ ಕಾಲರ್ ಜಾಕೆಟ್: ಕತ್ತರಿ ಹಾಕುವ ಮುಂಚೆ ಏನೇನು ನೋಡಬೇಕು?

ನೀಲಿ ದಾರ, ವಿದ್ಯಾನಗರ, ಹುಬ್ಬಳ್ಳಿ

ಹೆಣ್ಣುಮಕ್ಕಳ ಜಾಕೆಟ್. ಮುಂದೆ ಎರಡು ಗುಂಡಿ, ಲ್ಯಾಪಲ್ (ಎದೆಯ ಮೇಲೆ ಮಡಚಿ ಬೀಳುವ ಭಾಗ) ಇರುವ ಕಾಲರ್, ಹಿಂದೆ ಮುಂದೆ ಪ್ರಿನ್ಸೆಸ್ ಕಟ್ (ಮೇಲಿಂದ ಕೆಳ ಅಂಚಿನವರೆಗೆ ಹೋಗಿ ಮೈಗೆ ಆಕಾರ ಕೊಡುವ ಉದ್ದ ಹೊಲಿಗೆ), ಎರಡು ತುಂಡಿನ ತೋಳು, ಎರಡು ಬೋನ್ ಕಿಸೆ (ಬಟ್ಟೆ ಸೀಳಿ ಬಾಯಿಗೆ ಪಟ್ಟಿ ಕೂರಿಸಿದ್ದು), ಪೂರ್ತಿ ಅಸ್ತರ. ಪ್ಯಾಟರ್ನು ಮನೆಯಲ್ಲೇ ಎ4 ಹಾಳೆಗಳ ಮೇಲೆ ಪ್ರಿಂಟ್ ತೆಗೆದು ಅಂಟಿಸಿದ್ದು. ಅದರ ಅಳತೆ ಎದೆ 36, ಸೊಂಟ 28, ಹಿಪ್ 38. ಹಾಕಿಕೊಳ್ಳುವವರ ಅಳತೆ ಎದೆ 38, ಬಗಲ ಕೆಳಗಿಂದ ಎದೆಯ ಮೇಲ್ಭಾಗ ಸುತ್ತಿದರೆ 34½, ಸೊಂಟ 31, ಹಿಪ್ 40. ಬಟ್ಟೆ ದಪ್ಪ ಹತ್ತಿ ಖಾದಿ, ಗರಗದ್ದು, ಪನ್ನಾ (ಅಗಲ) 36 ಇಂಚು, ಮೂರು ಮುಕ್ಕಾಲು ಮೀಟರ್ ಇದೆ. ಮಷೀನು ಕಾಲಿನದು, ಸೀದಾ ಹೊಲಿಗೆ ಮಾತ್ರ.

36 ಇಟ್ಟುಕೊಂಡು ಹಿಗ್ಗಿಸಬೇಕೋ, 38 ಪ್ರಿಂಟ್ ತೆಗೆಯಬೇಕೋ? ಒಳಗೆ ಇಸ್ತ್ರಿಯಿಂದ ಅಂಟುವ ಫ್ಯೂಸಿಂಗ್ ಸಾಕೋ, ಹೊಲಿದು ಕೂರಿಸುವ ಕ್ಯಾನ್ವಾಸ್ ಬೇಕೋ? ಖಾದಿಯನ್ನು ನೆನೆಸಿಯೇ ಕತ್ತರಿಸಬೇಕೋ?

ಮಾಸ್ತರ ಕತ್ತರಿ, ಬೆಟಗೇರಿ

ಮೂರನೇ ಪ್ರಶ್ನೆ ಮೊದಲ ನೋಡೂಣು ತಂಗಿ. ಅರಿವಿ ನೆನಸದ ಕತ್ತರಿ ಮುಟ್ಟಬ್ಯಾಡ. ಕೈಲೆ ನೂತ ನೂಲಿನ ಅರಿವಿಗೆ ಮಿಲ್ಲಿನ ಅರಿವಿಗಿಂತ ಕುಗ್ಗೂದು ಹೆಚ್ಚು. ಅದೂ ಉದ್ದಕ್ಕ ಒಂದು ಲೆಕ್ಕ, ಅಡ್ಡಕ್ಕ ಇನ್ನೊಂದು ಲೆಕ್ಕ. ಅರಿವಿ ಮೂಲ್ಯಾಗ 10 ಇಂಚಿನ ಚೌಕ ದಾರದಿಂದ ಗುರ್ತು ಮಾಡು. ರಾತ್ರಿ ಪೂರ್ತಿ ತಣ್ಣೀರಾಗ ಬಿಡು. ಮುಂಜಾನೆ ಹಿಂಡದ ನೆರಳಿಗೆ ಹಾಕು, ಇನ್ನೂ ಹಸಿ ಇದ್ದಾಗ ಇಸ್ತ್ರಿ ಹೊಡಿ, ಆಮ್ಯಾಲೆ ಚೌಕ ಅಳಿ. ಉದ್ದ 9½ ಆಗಿದ್ರ ಮೀಟರಿಗೆ 5 ಸೆಂಟಿಮೀಟರ್ ಹ್ವಾತು ಅಂತ ಲೆಕ್ಕ. ನಿನ್ನ ಮೂರು ಮುಕ್ಕಾಲು ಮೀಟರಿನ್ಯಾಗ ಹತ್ತೊಂಬತ್ತು ಸೆಂಟಿಮೀಟರ್ ಹೋಗತದ. ಉಳದದ್ದು ಈ ಜಾಕೆಟ್ಟಿಗೆ ಸಾಕು, ಆದ್ರ ಹಾಳು ಮಾಡಾಕ ಹೆಚ್ಚಿಗಿ ಇಲ್ಲ.

ಎರಡನೇ ಸಲನೂ ನೆನಸು. ಚೌಕ ಮತ್ತ ಕುಗ್ಗಲಿಲ್ಲ ಅಂದ್ರ ಮುಗೀತು.

ಒಳಗ ಹಾಕೂದು ಎಲ್ಲಾನೂ ಹಿಂಗ ನೆನಸಬೇಕು: ಹೆಗಲಿಗೆ ಹಚ್ಚೂ ಪಟ್ಟಿ, ಕಿಸೆ ಚೀಲದ ಅರಿವಿ, ಹತ್ತಿ ಅಸ್ತರ ಇದ್ರ ಅದೂ. ಜಾಕೆಟ್ ಹೊಲದಾದ ಮ್ಯಾಲೆ ಮೊದಲ್ನೇ ತೊಳೆತಕ್ಕ ಲ್ಯಾಪಲ್ ಅಂಚು ಸುರುಟಿಕೊಳ್ಳೂದು ಈ ಒಳಗಿನ ಪಟ್ಟಿ ಕುಗ್ಗಿದ್ದಕ್ಕ.

ಸೂಜಿಗಣ್ಣು, ಧಾರವಾಡ

ಸೈಜಿನ ಪ್ರಶ್ನೆಗೆ: 36 ಇಟ್ಟುಕೊಳ್ಳಿ. ಜಾಕೆಟ್ಟಿನಲ್ಲಿ ಕುತ್ತಿಗೆ, ಹೆಗಲು, ತೋಳಿನ ಸುತ್ತು (ಮೈ ತುಂಡಿನಲ್ಲಿ ತೋಳು ಸೇರುವ ಬಾಯಿ) ಈ ಮೂರನ್ನು ಆಮೇಲೆ ಸರಿಪಡಿಸುವುದು ಬಹಳ ಕಷ್ಟ. ಎದೆ ಸೊಂಟಗಳು ಸುಲಭ. ಹೆಚ್ಚಿನ ಕಂಪನಿಗಳು ಹೆಂಗಸರ ಪ್ಯಾಟರ್ನನ್ನು ಮೇಲೆದೆಗಿಂತ ಎದೆ 2 ಇಂಚು ಹೆಚ್ಚು ಎಂದು ಹಿಡಿದು ಬರೆಯುತ್ತವೆ. ಎದೆ 36 ಅಂದರೆ ಮೇಲೆದೆ 34. ನೀವು ಕೊಟ್ಟ ಮೇಲೆದೆ 34½, ಅಂದರೆ ಹೆಗಲಿನ ಚೌಕಟ್ಟು 36ರದ್ದೇ. 38 ತೆಗೆದರೆ ಎದೆ ಕೂತೀತು, ಹೆಗಲು ಜೋತು ಬೀಳುತ್ತದೆ, ಕಾಲರ್ ಕುತ್ತಿಗೆ ಬಿಟ್ಟು ದೂರ ನಿಲ್ಲುತ್ತದೆ.

ಎದೆಗೆ ಬೇಕಾದ ಹೆಚ್ಚುವರಿ 2 ಇಂಚು, ಒಂದೊಂದು ಬದಿಗೆ 1 ಇಂಚು. ಅದನ್ನು ಪ್ರಿನ್ಸೆಸ್ ಹೊಲಿಗೆಯ ಎರಡೂ ಅಂಚಿಗೆ ಹಂಚಿ: ನಡು ತುಂಡಿನ ಅಂಚಿಗೆ ½, ಪಕ್ಕದ ತುಂಡಿನ ಅಂಚಿಗೆ ½. ಎದೆಯ ಎತ್ತರದ ಬಿಂದುವಿನಲ್ಲಿ ಪೂರ್ತಿ ½ ಕೊಟ್ಟು, ಮೇಲಕ್ಕೆ ಹೋಗುತ್ತ ತೋಳಿನ ಸುತ್ತು ಮುಟ್ಟುವಷ್ಟರಲ್ಲಿ ಸೊನ್ನೆ ಮಾಡಿ. ಕೆಳಕ್ಕೆ ಮಾತ್ರ ಹಾಗೇ ಅಂಚಿನವರೆಗೆ ಬಿಡಿ. ಆಗ ಹಿಪ್ಪಿಗೆ ಬೇಕಾದ 2 ಇಂಚು ಅದರಲ್ಲೇ ಬಂತು. ಸೊಂಟಕ್ಕೆ ಬೇಕಾದದ್ದು 3, ಬಂದದ್ದು 2. ಉಳಿದ 1 ಇಂಚನ್ನು ಎರಡು ಪಕ್ಕದ ಹೊಲಿಗೆಗಳ ನಾಲ್ಕು ಅಂಚಿಗೆ ಕಾಲು ಕಾಲು ಇಂಚು ಕೊಡಿ.

ಅಗಲ ಕೊಟ್ಟ ಮೇಲೆ ಉದ್ದವೂ ಬೇಕು. ಇದನ್ನು ಮರೆತರೆ ಮುಂಭಾಗದ ಕೆಳ ಅಂಚು ಮೇಲಕ್ಕೆ ಎತ್ತಿಕೊಳ್ಳುತ್ತದೆ, ಗುಂಡಿ ಹಾಕಿದಾಗ ಕೆಳಗೆ ಎರಡು ಪದರ ಕತ್ತರಿಯಂತೆ ಬಾಯಿ ಬಿಡುತ್ತವೆ. ಮುಂದಿನ ನಡು ತುಂಡನ್ನು ಎದೆಯ ಮಟ್ಟದಲ್ಲಿ ಅಡ್ಡ ಸೀಳಿ ⅜ ಇಂಚು ತೆರೆಯಿರಿ. ಪಕ್ಕದ ತುಂಡಿನಲ್ಲಿ ಪ್ರಿನ್ಸೆಸ್ ಅಂಚಿಗೆ ⅜ ತೆರೆದು ಪಕ್ಕದ ಹೊಲಿಗೆಯಲ್ಲಿ ಸೊನ್ನೆ ಮಾಡಿ. ಮುಂದಿನ ಅಂಚಿನ ಒಳಪದರವಾದ ಫೇಸಿಂಗಿಗೂ ಅದೇ ⅜ ಕೊಡಬೇಕು. ಕೊನೆಗೆ ಟೇಪನ್ನು ಅದರ ಅಂಚಿನ ಮೇಲೆ ನಿಲ್ಲಿಸಿ ಎರಡೂ ಅಂಚಿನ ಹೊಲಿಗೆ ಗೆರೆಯನ್ನು ಅಳೆದು ನೋಡಿ. ಪಕ್ಕದ ತುಂಡು ಎದೆಯ ಆಸುಪಾಸಿನಲ್ಲಿ ಕಾಲು ಇಂಚು ಉದ್ದವಿದ್ದರೆ ಒಳ್ಳೆಯದೇ, ಅದು ಅಲ್ಲೇ ಕೂಡಿಕೊಳ್ಳುತ್ತದೆ.

ಇದೆಲ್ಲಕ್ಕೂ ಮೊದಲು ಪ್ರಿಂಟಿನಲ್ಲಿರುವ ಪರೀಕ್ಷಾ ಚೌಕವನ್ನು ಅಳೆಯಿರಿ. ಹಾಳೆಗೆ ಹೊಂದಿಸುವ ಆಯ್ಕೆ ಇಟ್ಟು ಪ್ರಿಂಟ್ ತೆಗೆದಿದ್ದರೆ 10 ಸೆಂಟಿಮೀಟರ್ ಚೌಕ 9.6 ಆಗಿರಬಹುದು. ಒಂದು ಹಾಳೆಯಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಆದರೆ 36ರ ಪ್ಯಾಟರ್ನು ಒಟ್ಟಿನಲ್ಲಿ ಒಂದೂವರೆ ಇಂಚು ಕಳೆದುಕೊಂಡಿರುತ್ತದೆ. ಹೊಲಿಗೆ ಮಾರ್ಜಿನ್ ಸೇರಿದೆಯೋ ಇಲ್ಲವೋ ಅದನ್ನೂ ಸೂಚನಾ ಹಾಳೆಯಲ್ಲಿ ಓದಿ. ಕೆಲವು ಕಂಪನಿಗಳು ⅝ ಇಂಚು ಸೇರಿಸಿಯೇ ಕೊಡುತ್ತವೆ, ಕೆಲವು ಏನೂ ಕೊಡುವುದಿಲ್ಲ.

ಕೋರಾ ಅರಿವಿ, ರಾಣೇಬೆನ್ನೂರು

ಮಾರ್ಜಿನ್ ಬಗ್ಗೆ ಇನ್ನೊಂದು ಮಾತ ಅಕ್ಕಾರ. ಪ್ಯಾಟರ್ನು ಏನರ ಹೇಳಲಿ, ಪಕ್ಕದ ಹೊಲಿಗಿಗೆ, ಹಿಂದಿನ ನಡು ಹೊಲಿಗಿಗೆ 1 ಇಂಚು ಬಿಡ್ರಿ. ಕಾಲರ್, ಲ್ಯಾಪಲ್, ಫೇಸಿಂಗ್ ಅಂಚಿಗೆ ⅜ ಸಾಕು. ಅಲ್ಲೆ ⅝ ಇದ್ರ ತಿರುವಿ ಹಾಕೂಮುಂದ ಮೂಲಿ ದಪ್ಪಾಗಿ ಗಡ್ಡಿ ಕಟ್ಟತದ.

ಖಾದಿ ಮುಟ್ಟೂ ಮುಂಚೆ ಕೋರಾ ಅರಿವಿಯೊಳಗ ಒಂದು ಟ್ರಯಲ್ ಹೊಲೀಲೇಬೇಕ್ರಿ. ಇದಕ್ಕ ಅಸ್ತರ ಬ್ಯಾಡ, ಕಿಸೆ ಬ್ಯಾಡ. ಮೈ ತುಂಡು, ಕೆಳಗಿನ ಕಾಲರ್, ಒಂದು ತೋಳು ಇದ್ರ ಸಾಕು. ಹೊಲಿಗಿ 4 ಮಿಲಿಮೀಟರ್ ಉದ್ದ ಇಡ್ರಿ, ಬಿಚ್ಚಾಕ ಹಗುರ. ಎದಿ, ಸೊಂಟ, ಹಿಪ್ ಮೂರೂ ಮಟ್ಟಕ್ಕ ಪೆನ್ಸಿಲ್‌ಲೆ ಅಡ್ಡ ಗೆರಿ ಹಾಕ್ರಿ. ಹಾಕ್ಕೊಂಡು ನಿಂತಾಗ ಈ ಗೆರಿ ನೆಲಕ್ಕ ಸಮ ಇರಬೇಕು. ಎಲ್ಲೆ ಓರೆ ಆಗತದೋ ಅಲ್ಲೇ ತಪ್ಪದ. ಹೆಗಲಿನ ಪ್ಯಾಡ್ ಇಟ್ಟಕೊಂಡೇ ನೋಡಬೇಕು, ಇಲ್ಲಂದ್ರ ಪೂರಾ ಲೆಕ್ಕ ಸುಳ್ಳಾಗತದ.

ಸುಕ್ಕು ಓದೂದು ಹಿಂಗ. ಕುತ್ತಿಗಿ ಬುಡದಿಂದ ಬಗಲಿಗೆ ಓರೆ ಸುಕ್ಕು ಇಳದ್ರ ಹೆಗಲು ಇಳಿಜಾರ ಅದ: ಹೆಗಲಿನ ತುದಿ ಕಾಲು ಇಂಚು ಇಳಸ್ರಿ, ತೋಳಿನ ಸುತ್ತಿನ ಕೆಳಭಾಗನೂ ಅಷ್ಟ ಇಳಸ್ರಿ. ಕಾಲರ್ ಕೆಳಗ ಬೆನ್ನಮ್ಯಾಲೆ ಅಡ್ಡ ಮಡಿಕಿ ಬಿದ್ರ ಹೆಗಲು ಚೌಕ ಅದ: ತುದಿ ಏರಸ್ರಿ. ಹಿಂದ ಸೊಂಟದ ಮ್ಯಾಲೆ ಅಡ್ಡ ಮಡಿಕಿ ಕೂತ್ರ ಬೆನ್ನಿನ ಉದ್ದ ಹೆಚ್ಚಾಗೇದ: ನಡುವಿಗೆ ½ ಇಂಚು ಮಡಚಿ ಪಕ್ಕಕ್ಕ ಸೊನ್ನಿ ಮಾಡ್ರಿ. ಲ್ಯಾಪಲ್ ಎದಿ ಬಿಟ್ಟು ದೂರ ನಿಂತ್ರ, ಅದು ಮಡಚೂ ಗೆರಿ (ಮಡಿಕಿ ಗೆರಿ) ಮ್ಯಾಲೆ ಎಷ್ಟು ಸಡಿಲ ಅದ ಅಂತ ಪಿನ್ ಹಾಕಿ ನೋಡ್ರಿ. ಆ ಅಂಕಿ ಬರದಿಡ್ರಿ, ಮುಂದ ಪಟ್ಟಿ ಹಚ್ಚೂಮುಂದ ಬೇಕಾಗತದ.

ನೀಲಿ ದಾರ, ವಿದ್ಯಾನಗರ, ಹುಬ್ಬಳ್ಳಿ

ಚೌಕ ಸರಿಯಾಗಿ 10 ಸೆಂಟಿಮೀಟರ್ ಇದೆ. ಖಾದಿ ಉದ್ದಕ್ಕೆ 10 ಇಂಚಿಗೆ 9⅝, ಅಗಲಕ್ಕೆ 9¾ ಆಯಿತು, ಎರಡನೇ ಸಲ ಕುಗ್ಗಲಿಲ್ಲ. ಕೋರಾ ಟ್ರಯಲ್‌ನಲ್ಲಿ ಎದೆ ಸೊಂಟ ಕೂತವು. ಲ್ಯಾಪಲ್ ⅜ ಇಂಚು ಸಡಿಲ ಇದೆ. ದೊಡ್ಡ ತೊಂದರೆ ತೋಳಿನದು: ಗುಡ್ಡದ (ತೋಳಿನ ಮೇಲ್ತುದಿಯ ಉಬ್ಬು ಅಂಚಿನ) ಸುತ್ತಳತೆ 19¼, ತೋಳಿನ ಸುತ್ತು 17½. ಹೆಚ್ಚಿನದನ್ನು ಎಷ್ಟು ಕುಗ್ಗಿಸಿ ಕೂಡಿಸಿದರೂ ಮೇಲೆ ಚುನ್ನಟ ಬೀಳುತ್ತಿದೆ. ಬಟ್ಟೆಯ ದೋಷವೋ ಪ್ಯಾಟರ್ನಿನದೋ?

ಮಾಸ್ತರ ಕತ್ತರಿ, ಬೆಟಗೇರಿ

ದೋಷ ಅಂತ ಅಲ್ಲ, ಆ ಪ್ಯಾಟರ್ನು ಉಣ್ಣಿ ಅರಿವಿಗೆ ಬರದದ್ದು. 1¾ ಇಂಚು ಹೆಚ್ಚಿಗಿ ಅದ. ಉಣ್ಣಿ ಎಳಿ ಹಬಿ ಕೊಟ್ರ ಕುಗ್ಗಿ ಒಳಗ ಕೂಡತದ, ಅದಕ್ಕ ಒಂದೂವರಿ ಇಂಚನ್ನೂ ತಗೋತದ. ಹತ್ತಿ ಎಳಿ ಹಂಗ ಕುಗ್ಗೂದಿಲ್ಲ. ದಪ್ಪ ಖಾದಿಗೆ ¾ರಿಂದ 1 ಇಂಚು, ಅದರ ಮ್ಯಾಲೆ ಬ್ಯಾಡ.

ತೋಳಿನ ಮ್ಯಾಲಿನ ತುಂಡಿನ ಕಾಗದ ತಗೊ. ಗುಡ್ಡದ ಅಂಚಿನಿಂದ ತೋಳಿನ ಅಗಲದ ಗೆರಿ ತನಕ ಮೂರು ಸೀಳು ಹಾಕು: ಒಂದು ಹೆಗಲಿನ ಗುರ್ತಿಗೆ, ಒಂದು ಮುಂದಿನ ಗುರ್ತಿನ ಮ್ಯಾಲೆ, ಒಂದು ಹಿಂದಿನ ಗುರ್ತಿನ ಮ್ಯಾಲೆ. ಪ್ರತಿ ಸೀಳಿನ ಮ್ಯಾಲಿನ ತುದಿ ಕಾಲು ಇಂಚು ಒಂದರ ಮ್ಯಾಲೊಂದು ಏರಿಸಿ ಅಂಟಸು, ಕೆಳಗಿನ ತುದಿ ಹಂಗ ಇರಲಿ. ಮುಕ್ಕಾಲು ಇಂಚು ಹ್ವಾತು, ಉಳದದ್ದು 1. ಅಂಚು ಮತ್ತ ನುಣ್ಣಗ ಗೆರಿ ಎಳಿ. ತೋಳಿನ ಅಗಲ ಕಮ್ಮಿ ಆಗಂಗಿಲ್ಲ, ಅದಕ್ಕ ಈ ದಾರಿ.

ಇನ್ನ ಕೂಡಸೂದು. ಗುಡ್ಡದ ಮ್ಯಾಲೆ ಮುಂದಿನ ಗುರ್ತಿನಿಂದ ಹಿಂದಿನ ಗುರ್ತಿನ ತನಕ ಎರಡು ಸಾಲು ಉದ್ದ ಹೊಲಿಗಿ, 4 ಮಿಲಿಮೀಟರಿಂದು, ಒಂದು ಮಾರ್ಜಿನ್ ಗೆರಿ ಮ್ಯಾಲೆ, ಇನ್ನೊಂದು ಕಾಲು ಇಂಚು ಹೊರಗ. ದಾರ ಜಗ್ಗಿ ಮೊದಲ ಇಸ್ತ್ರಿ ದಿಂಬಿನ ಮ್ಯಾಲೆ ಹಬಿ ಕೊಟ್ಟು ಗುಡ್ಡದ ಆಕಾರ ಮಾಡಿಕೊ, ಆಮ್ಯಾಲೆ ಮೈಗೆ ಹಚ್ಚು. ಹಿಂದಿನ ಅರ್ಧಕ್ಕ ಸ್ವಲ್ಪ ಹೆಚ್ಚಿಗಿ, ಮುಂದಿನ ಅರ್ಧಕ್ಕ ಕಮ್ಮಿ, ಬಗಲಿನ ಕೆಳಗ ಏನೂ ಇಲ್ಲ. ಕಚ್ಚಾ ಟಾಕಿ ಹಾಕಿ ಮೈಮ್ಯಾಲೆ ನೋಡದ ಮಷೀನಿಗೆ ಒಯ್ಯಬ್ಯಾಡ. ತೋಳಿನ ಮುಂಭಾಗಕ್ಕ ಓರೆ ಸುಕ್ಕು ಬಿದ್ರ ಗುಡ್ಡದ ನಡು ಗುರ್ತು ಕಾಲು ಇಂಚು ಮುಂದ ಸರಸು, ಹಿಂದ ಬಿದ್ರ ಹಿಂದ ಸರಸು. ತೋಳಿನ ಆಕಾರಕ್ಕ ಕೈಹಾಕಬ್ಯಾಡ, ತಿರುಗಿಸಿ ಕೂಡಸೂದಷ್ಟ ಕೆಲಸ.

ಸೂಜಿಗಣ್ಣು, ಧಾರವಾಡ

ಮಾಸ್ತರರು ಹೇಳಿದ ಇಸ್ತ್ರಿ ದಿಂಬು ಕೊಳ್ಳಬೇಕಿಲ್ಲ. 14 ಇಂಚು ಉದ್ದ, 9 ಇಂಚು ಅಗಲದ ಮೊಟ್ಟೆ ಆಕಾರದ ಎರಡು ತುಂಡು ದಪ್ಪ ಕೋರಾ ಕತ್ತರಿಸಿ, ಸಾಮಿಲ್ಲಿನಲ್ಲಿ ಸಿಗುವ ಒಣ ಮರದ ಹೊಟ್ಟನ್ನು ಜರಡಿ ಹಿಡಿದು ಗಟ್ಟಿಯಾಗಿ ತುಂಬಿ. ಬೆರಳಿನಿಂದ ಒತ್ತಿದರೆ ತಗ್ಗು ಬೀಳಬಾರದು. ಅರಳೆ ತುಂಬಿದ ದಿಂಬು ಹಬೆಗೆ ಮೆತ್ತಗಾಗುತ್ತದೆ, ಮರದ ಹೊಟ್ಟು ಹಬೆಯನ್ನು ಹೀರಿ ಬಟ್ಟೆಯನ್ನು ಒಣಗಿಸುತ್ತದೆ. ಜಾಕೆಟ್ಟಿನ ಅರ್ಧ ಕೆಲಸ ಈ ದಿಂಬಿನ ಮೇಲೆ. ಪ್ರತಿ ಹೊಲಿಗೆಯನ್ನು ಮೊದಲು ಮುಚ್ಚಿದಂತೆ ಒತ್ತಿ, ಆಮೇಲೆ ಬಿಡಿಸಿ ಒತ್ತಿ, ಕೂಡಲೇ ಮೇಲೆ ಒಂದು ನಯ ಮಾಡಿದ ಮರದ ತುಂಡು ಇಟ್ಟು 10 ಸೆಕೆಂಡ್ ಅದುಮಿ ಹಿಡಿಯಿರಿ. ಮುಂದಿನ ಹೊಲಿಗೆ ಅದರ ಮೇಲೆ ಹಾದುಹೋಗುವ ಮುಂಚೆಯೇ ಇದು ಆಗಬೇಕು.

ಈಗ ಫ್ಯೂಸಿಂಗ್. ಹಾಳೆಯಂತಿರುವುದು ಬೇಡ, ನೇಯ್ದ ಹತ್ತಿ ಫ್ಯೂಸಿಂಗ್ ಕೇಳಿ. ಮುಂದಿನ ನಡು ತುಂಡಿಗೆ ಪೂರ್ತಿ, ಪಕ್ಕದ ತುಂಡಿಗೆ ತೋಳಿನ ಸುತ್ತಿನಿಂದ 3 ಇಂಚು ಕೆಳಗಿನವರೆಗೆ, ಫೇಸಿಂಗ್, ಎರಡೂ ಕಾಲರ್, ಕೆಳ ಅಂಚು ಮತ್ತು ತೋಳಿನ ಅಂಚಿಗೆ 2 ಇಂಚು ಪಟ್ಟಿ. ಒಂದೂಕಾಲು ಮೀಟರ್ ಹಿಡಿಸುತ್ತದೆ. ಬಟ್ಟೆ ತುಂಡಿಗಿಂತ ಸುತ್ತಲೂ ⅛ ಇಂಚು ಕಡಿಮೆ ಕತ್ತರಿಸಿ. ಇಸ್ತ್ರಿಯನ್ನು ಎಳೆದಾಡಬೇಡಿ: ಇಟ್ಟು ಒತ್ತಿ 12ರಿಂದ 15 ಸೆಕೆಂಡ್, ಎತ್ತಿ ಪಕ್ಕಕ್ಕೆ ಇಡಿ. ಪೂರ್ತಿ ಆರುವವರೆಗೆ, ಅರ್ಧ ಗಂಟೆ, ತುಂಡನ್ನು ಚಪ್ಪಟೆಯಾಗಿ ಬಿಡಿ. ಬಿಸಿ ಇದ್ದಾಗ ಎತ್ತಿದರೆ ಅಂಟು ಸರಿದು ಗುಳ್ಳೆ ಏಳುತ್ತದೆ. ಬಟ್ಟೆ ಮೊದಲೇ ಕುಗ್ಗಿಸದಿದ್ದರೂ ಅದೇ ಗುಳ್ಳೆ.

ಮಾಸ್ತರ ಕತ್ತರಿ, ಬೆಟಗೇರಿ

ಫ್ಯೂಸಿಂಗ್ ಒಂದರಲ್ಲೇ ಲ್ಯಾಪಲ್ ತಿರುಗತದ ಅಂದ್ರ ನಾ ಒಪ್ಪಂಗಿಲ್ಲ. ಇಸ್ತ್ರಿಲೆ ಮಡಚಿದ ಲ್ಯಾಪಲ್ಲು ಪಾಕೀಟಿನ ಮುಚ್ಚಳದಂಗ ಚಪ್ಪಟಿ ಬೀಳತದ. ಕ್ಯಾನ್ವಾಸಿಗೆ ಕೈಟಾಕಿ ಹಾಕಿದ ಲ್ಯಾಪಲ್ಲು ಸುರುಳಿ ಹಂಗ ಹೊರಳತದ, ಗುಂಡಿ ಬಿಚ್ಚಿದ್ರೂ ಮತ್ತ ಅದ ಜಾಗಕ್ಕ ಬರತದ.

ಸೂಜಿಗಣ್ಣು, ಧಾರವಾಡ

ಹೊರಳುವಿಕೆಯ ಮಾತು ನಿಜ, ಮಾಸ್ತರರೇ. ಆದರೆ ಕುದುರೆ ಕೂದಲು ಬೆರೆತ ಕ್ಯಾನ್ವಾಸ್ ಒಳಗೆ ಹೋದ ಮೇಲೆ ಈ ಜಾಕೆಟ್ಟನ್ನು ಮನೆಯಲ್ಲಿ ತೊಳೆಯುವಂತಿಲ್ಲ. ಹತ್ತಿ ಖಾದಿಯನ್ನು ನಮ್ಮ ಬೇಸಿಗೆಯಲ್ಲಿ ತೊಡುವವರಿಗೆ ತೊಳೆಯುವುದೇ ಮುಖ್ಯ. ಮೈಗೆ ನೇಯ್ದ ಫ್ಯೂಸಿಂಗ್ ಹಾಕಿ, ಲ್ಯಾಪಲ್ ಮತ್ತು ಕೆಳಗಿನ ಕಾಲರಿಗೆ ಮಾತ್ರ ನೆನೆಸಿದ ಹತ್ತಿ ಕ್ಯಾನ್ವಾಸ್ ಇಟ್ಟು ಕೈಟಾಕಿ ಹಾಕಿದರೆ ಎರಡೂ ಸಿಗುತ್ತವೆ.

ಮಾಸ್ತರ ಕತ್ತರಿ, ಬೆಟಗೇರಿ

ತೊಳಿಯೂ ಜಾಕೆಟ್ಟಿಗೆ ಅದು ಸರಿ. ಹಂಗಿದ್ರ ಹಿಂಗ ಮಾಡ ತಂಗಿ. ಮಡಿಕಿ ಗೆರಿ ಒಳಬಾಜು, ಅಂದ್ರ ಎದಿ ಬಾಜು, ಕಾಲು ಇಂಚು ಬಿಟ್ಟು ಹತ್ತಿ ಪಟ್ಟಿ ಹಚ್ಚು. ನಿನ್ನ ಟ್ರಯಲ್‌ನ್ಯಾಗ ⅜ ಸಡಿಲ ಇತ್ತಲ್ಲ, ಪಟ್ಟಿ ಗೆರಿಗಿಂತ ⅜ ಗಿಡ್ಡ ಇರಲಿ. ಆ ಸಡಿಲನ್ನ ನಡುವಿನ ಮೂರನೇ ಒಂದು ಪಾಲಿನ್ಯಾಗ ಕೂಡಸು, ಎರಡೂ ತುದಿಗೆ ಸಮ ಇರಲಿ.

ಆಮ್ಯಾಲೆ ಲ್ಯಾಪಲ್ಲನ್ನ ಎಡಗೈ ತೋರಬೆರಳಿನ ಮ್ಯಾಲೆ ಹೊರಳಿಸಿ ಹಿಡದು, ಮಡಿಕಿ ಗೆರಿಗೆ ಸಮಾನಾಗಿ ಸಾಲು ಸಾಲು ಓರೆ ಟಾಕಿ. ಸಾಲಿಗೂ ಸಾಲಿಗೂ ½ ಇಂಚು, ತುದಿ ಹತ್ರ ಹ್ವಾದಂಗ ಕಾಲು ಇಂಚು. ಸೂಜಿ ಹೊರಗಿನ ಅರಿವಿಯ ಒಂದ ಎಳಿ ಹಿಡೀಬೇಕು, ಆರಪಾರ ಬರಬಾರದು. ದಾರ ಜಗ್ಗಬ್ಯಾಡ, ಸಡಿಲ ಇರಲಿ. ಬೆರಳು ತಗದ ಮ್ಯಾಲೂ ಲ್ಯಾಪಲ್ ಹೊರಳೇ ಇದ್ರ ಕೆಲಸ ಸರಿ ಆಗೇದ. ಮಾರ್ಜಿನ್ ಒಳಗ ಕ್ಯಾನ್ವಾಸ್ ಹೋಗಬಾರದು, ಹೊಲಿಗಿ ಗೆರಿಗೆ ಕತ್ತರಸು.

ಕೋರಾ ಅರಿವಿ, ರಾಣೇಬೆನ್ನೂರು

ಕಾಲರಿಗೆ ಮೂರು ಮಾತು. ಕೆಳಗಿನ ಕಾಲರ್ ಕ್ರಾಸ್ (ಎಳಿಗೆ ಓರೆ ಕತ್ತರಿಸಿದ) ಅರಿವಿ, ಹಿಂದ ನಡುವಿಗೆ ಜೋಡು. ಮ್ಯಾಲಿನ ಕಾಲರ್ ಸೀದಾ ಎಳಿ, ಕುತ್ತಿಗಿ ಅಂಚು ಬಿಟ್ಟು ಮೂರೂ ಬಾಜು ⅛ ಇಂಚು ದೊಡ್ಡದು. ಫೇಸಿಂಗಿಗೂ ಲ್ಯಾಪಲ್ ಅಂಚಿಗೆ ⅛ ದೊಡ್ಡದು ಬೇಕು, ಆದ್ರ ಮಡಿಕಿ ಶುರು ಆಗೂ ಬಿಂದುವಿನ ಕೆಳಗ ಉಲ್ಟಾ, ಅಲ್ಲೆ ಮುಂಭಾಗ ದೊಡ್ಡದು. ಯಾಕಂದ್ರ ಮ್ಯಾಲೆ ಫೇಸಿಂಗ್ ಹೊರಗ ಕಾಣತದ, ಕೆಳಗ ಒಳಗ ಇರತದ. ಎರಡೂ ಒಂದ ಅಳತಿ ಇದ್ರ ಹೊಲಿಗಿ ಗೆರಿ ಹೊರಗ ಹಣಿಕಿ ಹಾಕತದ, ಕಾಲರ್ ಮೂಲಿ ಮ್ಯಾಲಕ್ಕ ಸುರುಟತದ.

ಕಾಲರ್ ಲ್ಯಾಪಲ್ ಕೂಡೂ ಕಚ್ಚಿನ್ಯಾಗ ನಾಲ್ಕು ಹೊಲಿಗಿ ಒಂದ ಬಿಂದುವಿಗೆ ಬರತಾವ. ಯಾವ ಹೊಲಿಗಿನೂ ಆ ಬಿಂದು ದಾಟಿ ಮಾರ್ಜಿನ್ ಒಳಗ ಹೋಗಬಾರದು. ದಾಟಿದ್ರ ಅಲ್ಲೆ ಚುಕ್ಕಿಯಷ್ಟು ಮಡಿಕಿ ಕೂತು ಬಿಡತದ, ಇಸ್ತ್ರಿಗೂ ಹೋಗಂಗಿಲ್ಲ.

ನೀಲಿ ದಾರ, ವಿದ್ಯಾನಗರ, ಹುಬ್ಬಳ್ಳಿ

ತೋಳು ಕೂತಿತು, ಚುನ್ನಟ ಇಲ್ಲ. ಕಿಸೆಯ ಮೂಲೆಗಳು ಖಾದಿಯಲ್ಲಿ ಎಳೆ ಬಿಡುತ್ತಿವೆ, ಹಳೆ ತುಂಡಿನ ಮೇಲೆ ಎರಡು ಸಲ ಮಾಡಿ ನೋಡಿದೆ. ಜೊತೆಗೆ ಇನ್ನೊಂದು: ಲ್ಯಾಪಲ್ ಮೇಲೆ ಸಣ್ಣ ಕಸೂತಿ ಹಾಕುವುದಾದರೆ ಯಾವ ಹಂತದಲ್ಲಿ?

ಸೂಜಿಗಣ್ಣು, ಧಾರವಾಡ

ಬೋನ್ ಕಿಸೆಗೆ, ಬಾಯಿ 5½ ಇಂಚು ಎಂದಿಟ್ಟುಕೊಳ್ಳಿ. ಮೈ ತುಂಡಿನ ಹಿಂದೆ 7½ ಉದ್ದ, 2 ಅಗಲದ ಫ್ಯೂಸಿಂಗ್ ಹೆಚ್ಚುವರಿಯಾಗಿ ಹಾಕಿ, ಮುಂಭಾಗಕ್ಕೆ ಮೊದಲೇ ಹಾಕಿದ್ದರೂ. ಮೇಲೆ ½ ಇಂಚು ಅಂತರದ ಎರಡು ಸಮಾನ ಗೆರೆ, ಎರಡೂ ಸರಿಯಾಗಿ 5½. ಹೊಲಿಗೆಯ ಉದ್ದವನ್ನು 1½ ಮಿಲಿಮೀಟರಿಗೆ ಇಳಿಸಿ, ಕೊನೆಯಲ್ಲಿ ಹಿಂದೆ ಮುಂದೆ ಮೂರು ಹೊಲಿಗೆ. ತುಂಡು ತಿರುವಿ ಎರಡೂ ಗೆರೆಯ ತುದಿ ಒಂದೇ ಮಟ್ಟದಲ್ಲಿವೆಯೋ ನೋಡಿ. ಒಂದೇ ಒಂದು ಹೊಲಿಗೆ ಹೆಚ್ಚು ಕಡಿಮೆಯಾದರೂ ಕಿಸೆಯ ಬಾಯಿ ಸೊಟ್ಟ.

ನಡುವೆ ಕತ್ತರಿಸಿ, ತುದಿಗೆ ½ ಇಂಚು ಇದ್ದಾಗ ನಿಲ್ಲಿಸಿ, ಅಲ್ಲಿಂದ ಕವಲು ಹೊಡೆದಂತೆ ಎರಡು ಮೂಲೆಗೆ. ಕೊನೆ ಹೊಲಿಗೆಗೆ ಒಂದು ಎಳೆ ಬಾಕಿ ಇರುವವರೆಗೆ ಕತ್ತರಿ ಹೋಗಬೇಕು. ಮುಂಚೆ ನಿಂತರೆ ಮೂಲೆಯಲ್ಲಿ ಸುಕ್ಕು, ದಾಟಿದರೆ ತೂತು. ನಿಮಗೆ ಎಳೆ ಬಿಡುತ್ತಿರುವುದು ಫ್ಯೂಸಿಂಗ್ ಸಾಲದೆ ಅಥವಾ ಹೊಲಿಗೆ ಉದ್ದವಾಗಿ. ತಿರುವಿದ ಮೇಲೆ ಒಳಗಿನ ತ್ರಿಕೋನವನ್ನು ಬೋನ್ ಪಟ್ಟಿಗೆ ಮೂರು ಸಲ ಹೊಲಿಯಿರಿ. ಕಿಸೆ ಚೀಲ ಸೇರಿಸುವವರೆಗೂ ಬಾಯಿಯನ್ನು ಕಚ್ಚಾ ಟಾಕಿಯಿಂದ ಮುಚ್ಚಿಡಿ, ಜಾಕೆಟ್ ಮುಗಿದ ಮೇಲೇ ಬಿಚ್ಚಿ.

ಕಸೂತಿ ಕಟ್ಟು, ಧಾರವಾಡ

ಲ್ಯಾಪಲ್ ಮೇಲೆ ಕಾಣುವುದು ಫೇಸಿಂಗ್, ಆದ್ದರಿಂದ ಕಸೂತಿ ಫೇಸಿಂಗಿಗೆ. ತುಂಡು ಕತ್ತರಿಸುವ ಮುಂಚೆ ಹಾಕಬೇಕು. ಬಟ್ಟೆಯ ಮೇಲೆ ಫೇಸಿಂಗಿನ ಗೆರೆಯನ್ನು ದಾರದಿಂದ ಗುರುತಿಸಿ, ಸುತ್ತ 2 ಇಂಚು ಬಿಟ್ಟು ಚೌಕವಾಗಿ ತೆಗೆದುಕೊಳ್ಳಿ. ಕಸೂತಿ ಮುಗಿದ ಮೇಲೆ ಟವೆಲ್ ಮೇಲೆ ಕೆಳಮುಖ ಮಾಡಿ ಇಸ್ತ್ರಿ, ನಂತರ ಫ್ಯೂಸಿಂಗ್, ನಂತರ ಪ್ಯಾಟರ್ನ್ ಇಟ್ಟು ಕತ್ತರಿ. ಮೊದಲೇ ಫ್ಯೂಸಿಂಗ್ ಹಾಕಿದರೆ ಎಳೆ ಎಣಿಸಲು ಬರುವುದಿಲ್ಲ.

ಕೈಯಿಂದ ನೂತ ನೂಲು ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಎಳೆ ಎಣಿಸಿ ಹಾಕಿದ ಗೋಪುರ ಒಂದು ಬದಿಗೆ ಉದ್ದವಾಗಿ ಕಂಡೀತು. ದಪ್ಪ ಖಾದಿಗೆ ಕಸೂತಿಯ ಗವಂತಿ ಅಥವಾ ಮುರ್ಗಿ ಹೊಲಿಗೆಯ ಸಣ್ಣ ಪಟ್ಟಿ ಹೊಂದುತ್ತದೆ. ನೇಗಿ ಹೊಲಿಗೆಯಲ್ಲಿ ಉದ್ದ ದಾರ ಮೇಲೆ ನಿಲ್ಲುವುದರಿಂದ ಲ್ಯಾಪಲ್ ಅಂಚಿನಲ್ಲಿ ಸಿಕ್ಕಿಕೊಳ್ಳುತ್ತದೆ, ಅಲ್ಲಿಗೆ ಅದು ಬೇಡ.

ಕೋರಾ ಅರಿವಿ, ರಾಣೇಬೆನ್ನೂರು

ಅಸ್ತರಕ್ಕ ಸ್ಯಾಂಟೂನ್ (ನುಣುಪಾಗಿ ಜಾರೂ ಅರಿವಿ) ಇಲ್ಲಾ ಮೆತ್ತನ್ನ ಹತ್ತಿ, 44 ಪನ್ನಾದ್ದು 2 ಮೀಟರ್. ಪೂರಾ ಪಾಲಿಸ್ಟರ್ ಅಸ್ತರ ಬ್ಯಾಡ್ರಿ, ಬೆವರು ಒಳಗ ನಿಲ್ಲತದ. ತೋಳಿಗೆ ಮಾತ್ರ ಸ್ಯಾಂಟೂನ್ ಇರಲಿ, ಹತ್ತಿ ಅಸ್ತರ ಇದ್ರ ಅಂಗಿ ತೋಳು ಜಾರಂಗಿಲ್ಲ.

ಬೆನ್ನಿನ ನಡುವಿಗೆ 1 ಇಂಚು ಮಡಿಕಿ ಇಡ್ರಿ. ಅಸ್ತರ ಬಿಗಿ ಆಗಿ ಹರಿಯೂದು ಹೆಚ್ಚಾಗಿ ಬೆನ್ನಿನ್ಯಾಗ, ಕೈ ಮುಂದ ಚಾಚಿದಾಗ. ಬಗಲಿನ ಕೆಳಗ ಅಸ್ತರದ ಸುತ್ತು ½ ಇಂಚು ಮ್ಯಾಲೆ ಇರಬೇಕು, ಯಾಕಂದ್ರ ಜಾಕೆಟ್ಟಿನ ಮಾರ್ಜಿನ್ ಅಲ್ಲೆ ಎದ್ದು ನಿಂತಿರತದ, ಅಸ್ತರ ಅದನ್ನ ದಾಟಿ ಹೋಗಬೇಕು. ಕೆಳ ಅಂಚಿಗೆ ಅಸ್ತರ ಜಾಕೆಟ್ಟಿಗಿಂತ ¾ ಇಂಚು ಮ್ಯಾಲೆ ನಿಲ್ಲಲಿ, ಒಳಗ ½ ಇಂಚಿನ ಸಡಿಲ ಮಡಿಕಿ ಇರಲಿ. ಎಡ ತೋಳಿನ ಅಸ್ತರದ ಹೊಲಿಗಿಯೊಳಗ 8 ಇಂಚು ಬಿಟ್ರ ಅಲ್ಲಿಂದ ಪೂರಾ ಜಾಕೆಟ್ ತಿರುವಬಹುದು.

ನೀಲಿ ದಾರ, ವಿದ್ಯಾನಗರ, ಹುಬ್ಬಳ್ಳಿ

ಕಾಜಾ ಮಾತ್ರ ಉಳಿದಿದೆ. ಈ ಮಷೀನಿನಲ್ಲಿ ಆಗುವುದಿಲ್ಲ. ಪೇಟೆಯ ಕಾಜಾ ಅಂಗಡಿಗೆ ಕೊಡಬಹುದೇ, ಕೈಯಲ್ಲೇ ಹಾಕಬೇಕೇ?

ಮಾಸ್ತರ ಕತ್ತರಿ, ಬೆಟಗೇರಿ

ಅಂಗಡಿಗೆ ಕೊಡಬಹುದು, ಆದ್ರ ಅಂಗಿ ಕಾಜಾ ಅಲ್ಲ, ಕೋಟಿನ ಕಾಜಾ ಅಂತ ಕೇಳು, ಒಂದು ತುದಿ ದುಂಡಗ ಇರೂದು. ಜಾಕೆಟ್ ಕೂಡ ಇಷ್ಟ ಪದರದ ತುಂಡು ಒಂದು ಒಯ್ಯಿ: ಖಾದಿ, ಫ್ಯೂಸಿಂಗ್, ಫ್ಯೂಸಿಂಗ್, ಖಾದಿ. ಮೊದಲ ಅದರ ಮ್ಯಾಲೆ ಹಾಕಿಸಿ ಗುಂಡಿ ಹೋಗತದೋ ನೋಡು. ಗುಂಡಿ 20 ಮಿಲಿಮೀಟರ್ ಅಗಲ, 4 ದಪ್ಪ ಇದ್ರ ಕಾಜಾ 24.

ಹೆಣ್ಣುಮಕ್ಕಳ ಜಾಕೆಟ್ಟಿಗೆ ಕಾಜಾ ಬಲಬಾಜು. ಮ್ಯಾಲಿಂದು ಲ್ಯಾಪಲ್ ಮಡಿಕಿ ಶುರು ಆಗೂ ಬಿಂದುವಿನಿಂದ ಕಾಲು ಇಂಚು ಕೆಳಗ. ಎರಡನೇದು ಅದರ ಕೆಳಗ 4 ಇಂಚು, ಆದ್ರ ಕಿಸೆ ಬಾಯಿಯ ಮಟ್ಟ ಒಮ್ಮೆ ನೋಡಿಕೊ, ಒಂದ ಗೆರಿಗೆ ಬಂದ್ರ ಕಣ್ಣಿಗೆ ಚಂದ. ದುಂಡನ ತುದಿ ನಡು ಗೆರಿಯಿಂದ ⅛ ಇಂಚು ಅಂಚಿನ ಕಡೆ ಇರಬೇಕು. ಗುಂಡಿ ಹಚ್ಚೂಮುಂದ ಕೆಳಗ ಕಡ್ಡಿ ಇಟ್ಟು ಹೊಲಿ, ಆಮ್ಯಾಲೆ ಕಡ್ಡಿ ತಗದು ದಾರದಿಂದ ನಾಲ್ಕು ಸುತ್ತು ಸುತ್ತಿ ಕಾಲು ಮಾಡು. ಈ ಅರಿವಿ ದಪ್ಪ ಅದ, ಕಾಲು ಇಲ್ಲದ ಗುಂಡಿ ಹಾಕಿದ್ರ ಮುಂಭಾಗ ಅಲ್ಲೆ ತಗ್ಗು ಬಿದ್ದು ಕಾಣತದ.